ಬೆನ್ನಿನಿಂದ ಮೆದುಳಿಗೆ: ಸಸ್ತನಿಗಳಲ್ಲಿ ಸಂವೇದನೆಯ ನರಮಾರ್ಗಗಳು

ಚರ್ಮ, ಸ್ನಾಯು ಮತ್ತು ಕೀಲುಗಳಲ್ಲಿ ಹುಟ್ಟುವ ಸಂವೇದನೆಯನ್ನು ಮೆದುಳುಬಳ್ಳಿಯ ಮೂಲಕ ಮೆದುಳಿಗೆ ಒಯ್ಯುವ ನರತಂತುಗಳ ಕಂತೆಗಳನ್ನು ಆರೋಹಿ ನರಮಾರ್ಗಗಳು ಎನ್ನುತ್ತಾರೆ. ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ನಮ್ಮ ಮಕ್ಕಳು ಜ್ಞಾನವಾಹಿ ನರ, ಕ್ರಿಯಾವಾಹಿ ನರ, ಪರಾವರ್ತಿತ ಪ್ರತಿಕ್ರಿಯೆಗಳನ್ನು ಓದುತ್ತಾರೆ. ಶಾಲೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದು ಬಾಣದ ಗುರುತಿನಿಂದ ತೋರಿಸುವ ಈ ಹಾದಿ ವಾಸ್ತವದಲ್ಲಿ ಒಂದಲ್ಲ, ಹಲವು. ಅವು ಎಡದಿಂದ ಬಲಕ್ಕೆ ದಾಟುವ ಸ್ಥಳಗಳೂ ಬೇರೆ ಬೇರೆ.

ನಾರಾಯಣಪೇಟೆ ಅಥವಾ ಗದ್ವಾಲಿನ ನೇಕಾರನೊಬ್ಬ ಮಗ್ಗದ ಮುಂದೆ ಕುಳಿತಿದ್ದಾನೆಂದು ಭಾವಿಸೋಣ. ಎಳೆ ನಯವೋ ಒರಟೋ ಎಂಬುದನ್ನು ಬೆರಳು ತಿಳಿಸುತ್ತದೆ. ಕಾಲು ಎಲ್ಲಿದೆ ಎಂಬುದು ನೋಡದೆಯೇ ಅವನಿಗೆ ಗೊತ್ತು. ಸೂಕ್ಷ್ಮ ಸ್ಪರ್ಶ, ಕಂಪನ ಹಾಗೂ ಅಂಗಗಳ ಸ್ಥಾನದ ಅರಿವು ಮೆದುಳುಬಳ್ಳಿಯ ಹಿಂಭಾಗದ ಕಂತೆಯಲ್ಲಿ ಅದೇ ಬದಿಯಲ್ಲಿ ಮೇಲೇರಿ, ಮಣಿಶಿರದಲ್ಲಿ ಮಾತ್ರ ಎದುರು ಬದಿಗೆ ದಾಟುತ್ತವೆ. ಅಲ್ಲಿಂದ ಥಲಾಮಸ್, ಬಳಿಕ ಮಹಾಮಸ್ತಿಷ್ಕ. ಕಾಲ್ಬೆರಳಿನಿಂದ ಮಣಿಶಿರದವರೆಗೆ ಈ ಸುದ್ದಿಯನ್ನು ಹೊರುವುದು ನಡುವೆ ಎಲ್ಲಿಯೂ ತುಂಡಾಗದ ಒಂದೇ ನರಕೋಶದ ತಂತು ಎಂಬುದು ನಿಜಕ್ಕೂ ಬೆರಗಿನ ಸಂಗತಿ. ಅದೇ ನೇಕಾರನ ಬೆರಳಿಗೆ ಸೂಜಿ ಚುಚ್ಚಿದರೆ ದಾರಿ ಬೇರೆ: ಮಾನವನಲ್ಲಿ ನೋವು ಮತ್ತು ಬಿಸಿ-ತಂಪಿನ ಸುದ್ದಿ ಮೆದುಳುಬಳ್ಳಿಯನ್ನು ಹೊಕ್ಕ ಸ್ವಲ್ಪ ದೂರದಲ್ಲಿಯೇ ಎದುರು ಬದಿಗೆ ದಾಟಿ ಮೇಲೇರುತ್ತದೆ. ಮೂರನೆಯ ಮಾರ್ಗವು ಸ್ನಾಯುಗಳ ಸ್ಥಿತಿಯನ್ನು ಅನುಮಸ್ತಿಷ್ಕಕ್ಕೆ ಮುಟ್ಟಿಸುತ್ತದೆ. ಅದು ನಮ್ಮ ಅರಿವಿಗೆ ಬಾರದೆಯೇ ನಡೆಯುವ ಕೆಲಸ.

ಈ ದಾಟುವಿಕೆಯ ವ್ಯತ್ಯಾಸವೇ ವೈದ್ಯರಿಗೆ ಸುಳಿವು. ಮೆದುಳುಬಳ್ಳಿಯ ಬಲ ಅರ್ಧ ಮಾತ್ರ ತುಂಡಾದ ಮನುಷ್ಯನಲ್ಲಿ ಗಾಯದ ಕೆಳಗೆ ಬಲಗಾಲು ಬಲಗುಂದಿ ಕಂಪನದ ಅರಿವನ್ನೂ ಕಳೆದುಕೊಳ್ಳುತ್ತದೆ. ನೋವಿನ ಅರಿವು ಹೋಗುವುದು ಎಡಗಾಲಿನಲ್ಲಿ. ಮಾರಿಷಸ್‌ನಲ್ಲಿ 1817ರಲ್ಲಿ ಜನಿಸಿದ ವೈದ್ಯ ಬ್ರೌನ್-ಸೆಕಾರ್ ಇದನ್ನು 1850ರ ಸುಮಾರಿಗೆ ವಿವರಿಸಿದುದರಿಂದ ಈ ಲಕ್ಷಣಕ್ಕೆ ಇಂದಿಗೂ ಅವರ ಹೆಸರೇ ಇದೆ.

ಇತರ ಸಸ್ತನಿಗಳಲ್ಲಿಯೂ ಮೂಲ ವಿನ್ಯಾಸ ಇದೇ ಆದರೂ, ಯಾವ ಮಾರ್ಗಕ್ಕೆ ಎಷ್ಟು ಮಹತ್ವ ಎಂಬುದು ಆ ಪ್ರಾಣಿಯ ಬಾಳುವೆಗೆ ತಕ್ಕಂತೆ ಬದಲಾಗುತ್ತದೆ. ಮುಂಗಾಲಿನ ಬೆರಳುಗಳಿಂದ ತಡಕಿ ಆಹಾರ ಹುಡುಕುವ ಅಮೆರಿಕದ ರಕೂನ್‌ನಲ್ಲಿ ಆ ಬೆರಳುಗಳ ಸುದ್ದಿ ತಲುಪುವ ಮಣಿಶಿರದ ನರಕೇಂದ್ರ ಬಹು ದೊಡ್ಡದು. ಬಾಲದಿಂದ ಕೊಂಬೆ ಹಿಡಿಯುವ ಜೇಡಕೋತಿಯಲ್ಲಿ ಬಾಲದ ಸ್ಪರ್ಶಕ್ಕೇ ಗಣನೀಯ ಜಾಗವಿದೆ. ಬೆಕ್ಕು, ನಾಯಿಗಳಲ್ಲಿ ಇನ್ನೊಂದು ಮಾರ್ಗ ಸ್ಪಷ್ಟವಾಗಿ ಬೆಳೆದಿದೆ: ಚರ್ಮ ಹಾಗೂ ರೋಮಗಳ ಸುದ್ದಿ ಅದೇ ಬದಿಯಲ್ಲಿ ಕುತ್ತಿಗೆಯ ಮೊದಲೆರಡು ಮಣಿಗಳ ಮಟ್ಟಕ್ಕೆ ಏರಿ, ಅಲ್ಲಿನ ನರಕೇಂದ್ರದಲ್ಲಿ ತಂಗಿ, ಆಮೇಲೆ ದಾಟುತ್ತದೆ. ಮಾನವನಲ್ಲಿ ಈ ಕೇಂದ್ರ ತೀರ ಚಿಕ್ಕದು. ಕೆಲವರಲ್ಲಿ ಗುರುತಿಸುವುದೂ ಕಷ್ಟ. ಸ್ವೀಡನ್ನಿನ ಬ್ರೋರ್ ರೆಕ್ಸೆಡ್ 1952ರಲ್ಲಿ ಬೆಕ್ಕಿನ ಮೆದುಳುಬಳ್ಳಿಯ ಬೂದುಭಾಗದಲ್ಲಿ ಗುರುತಿಸಿದ ಹತ್ತು ವಿಭಾಗಗಳು ಮಾನವನಿಗೂ ಅನ್ವಯಿಸಿದವು. ಆದರೆ ಬೆಕ್ಕಿನಲ್ಲಿ ಕಂಡ ಪ್ರತಿಯೊಂದು ಮಾರ್ಗವನ್ನೂ ಹಾಗೆ ಮನುಷ್ಯನಿಗೆ ಹೊಂದಿಸಲಾಗದು.

ಉದ್ದದಲ್ಲಿಯೂ ಭೇದವಿದೆ. ವಯಸ್ಕ ಮಾನವನ ಮೆದುಳುಬಳ್ಳಿ ಸುಮಾರು 42ರಿಂದ 45 ಸೆಂಟಿಮೀಟರ್ ಉದ್ದವಿದ್ದು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಬಳಿ ಮುಗಿಯುತ್ತದೆ. ನಾಯಿಯಲ್ಲಿ ಅದು ಸಾಮಾನ್ಯವಾಗಿ ಸೊಂಟದ ಆರನೆಯ ಮಣಿಯವರೆಗೂ ಇಳಿಯುತ್ತದೆ.

ನೋವಿನ ಮಾರ್ಗದ ಹೋಲಿಕೆ ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರದ ವಿಷಯ. ನಾಯಿ, ಕುರಿ, ದನಗಳಲ್ಲಿ ನೋವಿನ ಸುದ್ದಿ ಅಲ್ಲಲ್ಲಿ ತಂಗುತ್ತ, ಎರಡೂ ಬದಿಗಳಲ್ಲಿ ಹರಡಿಕೊಂಡು ಮೇಲೇರುತ್ತದೆ. ಆದ್ದರಿಂದ ಒಂದು ಬದಿಗಷ್ಟೇ ಪೆಟ್ಟಾದರೆ ಆಳವಾದ ನೋವಿನ ಅರಿವು ಪೂರ್ತಿ ಅಳಿಯುವುದಿಲ್ಲ. ಅಳಿದಿದ್ದರೆ ಪೆಟ್ಟು ಬಹಳ ತೀವ್ರವೆಂದೇ ತಿಳಿಯಬೇಕು. ಮಕ್ತಲ್ ಕಡೆಯ ಕುರಿಹಟ್ಟಿಯ ನಾಯಿಗೆ ವಾಹನ ಬಡಿದು ಹಿಂಗಾಲು ಸೋತಿತೆನ್ನಿ. ಪಶುವೈದ್ಯರು ಕಾಲ್ಬೆರಳನ್ನು ಗಟ್ಟಿಯಾಗಿ ಚಿವುಟಿದಾಗ ಅದು ಕಾಲನ್ನು ಹಿಂದಕ್ಕೆ ಎಳೆದುಕೊಂಡರೆ ಮನೆಯವರು ಸಮಾಧಾನಪಡುತ್ತಾರೆ. ಆದರೆ ಆ ಎಳೆತ ಬರಿಯ ಪರಾವರ್ತಿತ ಪ್ರತಿಕ್ರಿಯೆ; ಮೆದುಳಿನ ನೆರವಿಲ್ಲದೆಯೂ ಅದು ಆಗುತ್ತದೆ. ನಾಯಿ ತಿರುಗಿ ನೋಡಬೇಕು, ಕೂಗಬೇಕು ಅಥವಾ ಕಚ್ಚಲು ಬರಬೇಕು. ಆಗ ಮಾತ್ರ ಸುದ್ದಿ ಮೆದುಳನ್ನು ಮುಟ್ಟಿದೆ ಎಂದರ್ಥ. ಗುಣವಾಗುವ ಸಾಧ್ಯತೆಯನ್ನು ಅಳೆಯುವಾಗ ವೈದ್ಯರು ಇದನ್ನೇ ಮುಖ್ಯವಾಗಿ ಗಮನಿಸುತ್ತಾರೆ.

ಮನುಷ್ಯರಲ್ಲಿ ಹಿಂಭಾಗದ ಕಂತೆಗೆ ಪೆಟ್ಟಿಲ್ಲದೆಯೂ ಹಾನಿಯಾಗಬಹುದು. ಬಿ12 ಜೀವಸತ್ವದ ದೀರ್ಘಕಾಲದ ಕೊರತೆಯಲ್ಲಿ ಆ ತಂತುಗಳ ಹೊದಿಕೆ ಹಾಳಾಗುತ್ತದೆ. ಪಾದ ಜೋಮು ಹಿಡಿಯುವುದು, ಹತ್ತಿಯ ಮೇಲೆ ನಡೆದಂತಾಗುವುದು, ಕತ್ತಲೆಯಲ್ಲಿ ಅಥವಾ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ತೂರಾಡುವುದು ಇದರ ಲಕ್ಷಣಗಳು. ಹಾಲು-ಮೊಸರನ್ನೂ ಹೆಚ್ಚಾಗಿ ಸೇವಿಸದ ಸಸ್ಯಾಹಾರಿ ಹಿರಿಯರಲ್ಲಿ ಇವು ಕಂಡರೆ ಮುಪ್ಪಿನ ದೋಷವೆಂದು ಸುಮ್ಮನಿರದೆ ರಕ್ತಪರೀಕ್ಷೆ ಮಾಡಿಸುವುದು ಲೇಸು. ಬೇಗ ಗುರುತಿಸಿದರೆ ಚಿಕಿತ್ಸೆಯಿದೆ.

ಮರದಿಂದಲೋ ಟ್ರ್ಯಾಕ್ಟರಿನಿಂದಲೋ ಬಿದ್ದವರ ವಿಷಯದಲ್ಲಿ ಮೊದಲ ಎಚ್ಚರ ಎತ್ತುವ ಬಗೆಯದು. ಕೈಕಾಲು ಹಿಡಿದು ಎತ್ತಿದರೆ ಮುರಿದ ಮಣಿಯು ಉಳಿದ ತಂತುಗಳನ್ನೂ ಕತ್ತರಿಸಬಹುದು. 108ಕ್ಕೆ ಕರೆ ಮಾಡಿ, ಕುತ್ತಿಗೆ ಬೆನ್ನು ಅಲುಗದಂತೆ ನೋಡಿಕೊಳ್ಳಬೇಕು; ಸಾಗಿಸಲೇಬೇಕಾದಲ್ಲಿ ಹಲವರು ಸೇರಿ ಒಮ್ಮೆಗೇ ನೇರವಾಗಿ ಗಟ್ಟಿ ಹಲಗೆಯ ಮೇಲೆ ಮಲಗಿಸಬೇಕು.