ಘಟ್ಟದ ಗೇಟು ಕೇಳುವ ಪ್ರಶ್ನೆ

2024ರ ಏಪ್ರಿಲ್ 29ರಂದು ಮದ್ರಾಸ್ ಹೈಕೋರ್ಟ್ ನೀಲಗಿರಿಗೂ ಕೊಡೈಕೆನಾಲಿಗೂ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯ ಮಾಡಿತು. ಮೇ 7ರಿಂದ ಅದು ಜಾರಿಗೆ ಬಂತು. ನಡುವೆ ಸಿಕ್ಕಿದ್ದು ಒಂದು ವಾರ. ಅಷ್ಟರಲ್ಲಿ ಜಾಲತಾಣ ತೆರೆದಿತ್ತು, ಅರ್ಜಿ ನಮೂನೆ ಕೆಲಸ ಮಾಡುತ್ತಿತ್ತು, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನ ಮೂಲಕ ತಮಿಳುನಾಡು ಗಡಿಯ ಕೆಕ್ಕನಹಳ್ಳಕ್ಕೆ ಬಂದ ಕಾರಿನವರು ಮೊಬೈಲಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ಮುಂದೆ ಸಾಗುತ್ತಿದ್ದರು. ಸರ್ಕಾರಿ ಕೆಲಸ ಇಷ್ಟು ಬೇಗ ಆದದ್ದು ಹೇಗೆ ಎಂದರೆ ತಂತ್ರಜ್ಞಾನದ ಹೆಸರು ಹೇಳಿ ಮುಗಿಸುವುದು ರೂಢಿ. ಅದು ಅರ್ಧ ಉತ್ತರ ಮಾತ್ರ. ಕೆಲಸ ಬೇಗ ಆದದ್ದು ಚೌಕಟ್ಟುಗಳು ಮೊದಲೇ ನಿಂತಿದ್ದವು ಎಂಬ ಕಾರಣಕ್ಕೆ: ಒಂದು ಕಂಪ್ಯೂಟರಿನದು, ಇನ್ನೊಂದು ಘಟ್ಟದ ದಾರಿಯಲ್ಲಿ ಶತಮಾನಗಳಿಂದ ಇರುವ ಕಾವಲಿನದು. ಎರಡೂ ತಮ್ಮ ತಮ್ಮ ಕಾಲದ ತೀರ್ಮಾನಗಳನ್ನು ಹೊತ್ತುಕೊಂಡೇ ಬಂದವು. ನೀಲಗಿರಿಯ ಇ-ಪಾಸಿನ ಬಲವೂ ದೋಷವೂ ಅಲ್ಲೇ ಇವೆ ಎಂಬುದು ನನ್ನ ವಾದ.

ಮೊದಲು ಕಂಪ್ಯೂಟರಿನ ಚೌಕಟ್ಟನ್ನು ನೋಡೋಣ. ವೆಬ್ ಅಪ್ಲಿಕೇಶನ್ ಫ್ರೇಮ್‌ವರ್ಕ್‌ಗಳು ಹುಟ್ಟಿದ್ದೇ ಗಡುವಿನ ಒತ್ತಡದಲ್ಲಿ. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಜ್ಯಾಂಗೊ, 2003ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯೊಂದರ ಕಚೇರಿಯಲ್ಲಿ ರೂಪುಗೊಂಡಿತು. 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಸುದ್ದಿಮನೆಯವರು ಇವತ್ತು ಕೇಳಿದ ಪುಟ ನಾಳೆಗೆ ಸಿದ್ಧವಿರಬೇಕಾಗಿತ್ತು. ಪ್ರತಿ ಸಲವೂ ಮಾಡಲೇಬೇಕಾದ ಕೆಲಸಗಳನ್ನು, ಅಂದರೆ ಲಾಗಿನ್, ಅರ್ಜಿ ತಪಾಸಣೆ, ಡೇಟಾಬೇಸ್ ಸಂಪರ್ಕ, ವಿಳಾಸಕ್ಕೆ ತಕ್ಕ ಪುಟ ಕಳಿಸುವುದು, ಇವನ್ನೆಲ್ಲ ಒಂದೇ ಸಲ ಕಟ್ಟಿಟ್ಟುಕೊಂಡರು. ಅದನ್ನು ಕಂಪ್ಯೂಟರಿಗೆ ಇಳಿಸಲು ‘ಪಿಪ್ ಇನ್‌ಸ್ಟಾಲ್ ಜ್ಯಾಂಗೊ’ ಎಂಬ ಒಂದು ಸಾಲು ಸಾಕು. ‘ಸ್ಟಾರ್ಟ್‌ಪ್ರಾಜೆಕ್ಟ್’ ಆಜ್ಞೆ ಕೊಟ್ಟರೆ ನಾಲ್ಕಾರು ಫೈಲುಗಳ ಫೋಲ್ಡರ್ ಸಿದ್ಧವಾಗುತ್ತದೆ. ‘ರನ್‌ಸರ್ವರ್’ ಕೊಟ್ಟು ಬ್ರೌಸರಿನಲ್ಲಿ 8000ನೇ ಪೋರ್ಟ್ ತೆರೆದರೆ ಮೇಲೇರುವ ರಾಕೆಟ್ಟಿನ ಚಿತ್ರ ಕಾಣುತ್ತದೆ. ಅಲ್ಲಿಗೆ ಇನ್‌ಸ್ಟಾಲ್ ಮುಗಿಯಿತು. ಇನ್ನು ಮುಂದಿನದು ನಮ್ಮ ಪಾಲಿನದು. ‘ಸ್ಟಾರ್ಟ್‌ಆ್ಯಪ್’ ಆಜ್ಞೆ ಕೊಟ್ಟಾಗ ಬರುವ ‘ಮಾಡೆಲ್ಸ್’ ಎಂಬ ಫೈಲು ಬರಿದಾಗಿರುತ್ತದೆ. ವಾಹನ ಸಂಖ್ಯೆ, ಬರುವ ದಿನ, ಹೋಗುವ ದಿನ, ಎಷ್ಟು ಮಂದಿ, ಎಲ್ಲಿ ತಂಗುತ್ತಾರೆ ಎಂದು ಒಂದೊಂದೇ ಕಾಲಂ ಅಲ್ಲಿ ಬರೆಯಬೇಕು. ಯಾವ ಫ್ರೇಮ್‌ವರ್ಕ್ ಆದರೂ ಇಷ್ಟೇ. ಅರ್ಜಿಯನ್ನು ಹೇಗೆ ಪಡೆಯಬೇಕೆಂದು ಅದಕ್ಕೆ ಗೊತ್ತು, ಏನು ಕೇಳಬೇಕೆಂದು ಗೊತ್ತಿಲ್ಲ. ಅದನ್ನು ಆ ಊರಿನ ಇತಿಹಾಸ ಬಲ್ಲವರು ಹೇಳಬೇಕು.

ನೀಲಗಿರಿಯ ಬಾಗಿಲುಗಳಲ್ಲಿ ಇಲ್ಲಿಯವರೆಗೆ ಕೇಳುತ್ತಾ ಬಂದದ್ದೇನು? ಈ ಬೆಟ್ಟಸಾಲಿನ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದೇ ಕನ್ನಡ ನಾಡಿನ ದಂಡಯಾತ್ರೆಯೊಂದರ ಸಂದರ್ಭದಲ್ಲಿ: ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಬೆಟ್ಟದ ಬುಡಕಟ್ಟಿನವರಾದ ತೋದವರನ್ನು ಬೆದರಿಸಿ ನೀಲಗಿರಿಯನ್ನು ವಶಪಡಿಸಿಕೊಂಡನೆಂದು 1117ರ ಚಾಮರಾಜನಗರದ ಶಾಸನ ಹೇಳುತ್ತದೆ. ಆಮೇಲೆ ಉಮ್ಮತ್ತೂರಿನವರು, ಮೈಸೂರಿನವರು. ಟಿಪ್ಪುವಿನ ಕಾಲದಲ್ಲಿ ಹುಲಿಕಲ್ ದುರ್ಗದ ಮೇಲೆ ಕಾವಲು ಪಡೆ ಇತ್ತು. 1799ರಲ್ಲಿ ಬೆಟ್ಟ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. 1819ರ ನಂತರ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕೋಟಗಿರಿಯ ಕಡೆಯಿಂದ ದಾರಿ ಕಡಿಸಿದ. 1830ರ ದಶಕದಲ್ಲಿ ಕೂನೂರು ಘಟ್ಟವೂ ಮೈಸೂರಿನ ಕಡೆಗಿಳಿಯುವ ಸೀಗೂರು ಘಟ್ಟವೂ ತೆರೆದುಕೊಂಡವು. ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ ಗಾಡಿಗಳ ಮೇಲಿನ ಟೋಲ್ ಸ್ಥಳೀಯ ಸಂಸ್ಥೆಗಳ ಮಾಮೂಲಿ ಆದಾಯ. 1931ರ ಮೋಟಾರು ವಾಹನ ತೆರಿಗೆ ಕಾಯ್ದೆ ಬಂದ ಮೇಲೆ ಅದು ನಿಂತಿತು. ರಾಜ್ಯಗಳ ಗಡಿ ಎದ್ದ ಮೇಲೆ ಮಾರಾಟ ತೆರಿಗೆಯ ಚೆಕ್‌ಪೋಸ್ಟ್‌ಗಳು ಬಂದವು, 2017ರ ಜಿಎಸ್‌ಟಿಯೊಂದಿಗೆ ಹೋದವು. ಈ ಉದ್ದದ ಕಾಲವೆಲ್ಲ ಗೇಟು ಕೇಳಿದ್ದು ಎರಡೇ: ಏನು ಸಾಗಿಸುತ್ತಿದ್ದೀರಿ, ಎಷ್ಟು ಕೊಡುತ್ತೀರಿ. ಮೇಲೆ ಜಾಗವಿದೆಯೇ ಎಂಬ ಪ್ರಶ್ನೆ ಇರಲಿಲ್ಲ. ಆ ದಿಕ್ಕಿನಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಕರ್ನಾಟಕದ ಕಡೆಯ ಗೇಟು. 2009ರಲ್ಲಿ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಂತಿತು; 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗಾಗಿ ಗೇಟು ಹೊತ್ತು ನೋಡಿ ಮುಚ್ಚಿತು. ಆದರೆ ಹಗಲಿನಲ್ಲಿ ಎಷ್ಟು ವಾಹನ ಬಂದರೂ ಅದು ಲೆಕ್ಕ ಕೇಳಲಿಲ್ಲ.

ಲೆಕ್ಕ ಕೇಳುವ ನಮೂನೆ ಬಂದದ್ದು ಕಾಯಿಲೆಯ ಬೆನ್ನಲ್ಲಿ. 2020ರಲ್ಲಿ ಕೋವಿಡ್ ಲಾಕ್‌ಡೌನ್ ಆದಾಗ ತಮಿಳುನಾಡಿನ ಇ-ಆಡಳಿತ ಸಂಸ್ಥೆ ಜಿಲ್ಲೆಯಿಂದ ಜಿಲ್ಲೆಗೆ ಹೋಗಲು ಇ-ಪಾಸ್ ಕೊಡತೊಡಗಿತು. ಮೊದಮೊದಲು ಅರ್ಜಿಗಳು ತಿರಸ್ಕಾರವಾಗುತ್ತಿದ್ದವು. ಜನರ ದೂರು ಹೆಚ್ಚಾದ ಮೇಲೆ ಆಗಸ್ಟ್ 17ರಿಂದ ಅರ್ಜಿ ಹಾಕಿದವರಿಗೆಲ್ಲ ಪಾಸ್ ಸಿಗುವಂತಾಯಿತು. ಸೆಪ್ಟೆಂಬರ್‌ನಿಂದ ರಾಜ್ಯದೊಳಗೆ ಪಾಸೇ ಬೇಡವೆಂದಾಯಿತು, ಆದರೆ ನೀಲಗಿರಿ, ಕೊಡೈಕೆನಾಲ್, ಏರ್ಕಾಡ್‌ಗೆ ಮಾತ್ರ ಉಳಿಯಿತು. ಈ ಅಪವಾದವನ್ನು ಇತಿಹಾಸಕಾರರು ಗಮನಿಸಬೇಕು. ಬೆಟ್ಟದ ಊರುಗಳನ್ನು ಬಯಲಿನಿಂದ ಬೇರೆಯಾಗಿ ನೋಡುವ ಆಡಳಿತದ ಅಭ್ಯಾಸ ಅಲ್ಲಿ ಗಟ್ಟಿಯಾಯಿತು. 2024ರಲ್ಲಿ ಹೈಕೋರ್ಟಿನ ಮುಂದೆ ಬಂದ ಲೆಕ್ಕದಂತೆ ಸೀಸನ್ನಿನಲ್ಲಿ ದಿನಕ್ಕೆ 20,000ಕ್ಕೂ ಹೆಚ್ಚು ವಾಹನ ನೀಲಗಿರಿ ಹತ್ತುತ್ತಿದ್ದವು. ಅದರಲ್ಲಿ ಕಾರುಗಳೇ 11,500ರಷ್ಟು, ದ್ವಿಚಕ್ರ ವಾಹನ 6,500ರಷ್ಟು. ಆ ವರ್ಷ ಕೇಳಿದವರಿಗೆಲ್ಲ ಪಾಸ್ ಸಿಕ್ಕಿತು. 2025ರ ಮಾರ್ಚ್‌ನಲ್ಲಿ ಕೋರ್ಟ್ ನೀಲಗಿರಿಗೆ ಮಿತಿ ಹಾಕಿತು: ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ. ಪ್ರೋಗ್ರಾಮಿನಲ್ಲಿ ಇದು ಒಂದೇ ಷರತ್ತು: ಆ ದಿನದ ಪಾಸ್‌ಗಳನ್ನು ಎಣಿಸು, ಮಿತಿ ಮುಟ್ಟಿದ್ದರೆ ನಿಲ್ಲಿಸು. ಬೆಟ್ಟದ ಇತಿಹಾಸದಲ್ಲಿ ಅಂಥ ಷರತ್ತು ಹಿಂದೆಂದೂ ಇರಲಿಲ್ಲ, ಅದು ಬಂದದ್ದು ಬಹಳ ಒಳ್ಳೆಯದಾಯಿತು ಎಂದೇ ನಾನು ತಿಳಿಯುತ್ತೇನೆ.

ಮೊದಲ ವರ್ಷ ಎಲ್ಲರಿಗೂ ಪಾಸ್ ಕೊಟ್ಟದ್ದು ಕಾಗದದ ಶಾಸ್ತ್ರವಾಯಿತಲ್ಲ ಎನ್ನುವವರಿದ್ದಾರೆ. ಒಪ್ಪಲಾರೆ. ಆ ವರ್ಷದ ಉದ್ದೇಶವೇ ಎಣಿಕೆ. ಬೆಟ್ಟ ಎಷ್ಟು ವಾಹನ ತಾಳಬಲ್ಲದು ಎಂಬ ಧಾರಣ ಸಾಮರ್ಥ್ಯದ ಅಧ್ಯಯನಕ್ಕೆ ಅಂಕಿ ಬೇಕಾಗಿತ್ತು. ಎಣಿಸದೆ ಮಿತಿ ಹಾಕಿದ್ದರೆ ಅದು ದರ್ಪವಾಗುತ್ತಿತ್ತು. ಹೋಟೆಲ್ಲು, ಕಾಟೇಜು, ಟ್ಯಾಕ್ಸಿ, ಚಹಾದಂಗಡಿಯವರ ಆಕ್ಷೇಪ ಇದಕ್ಕಿಂತ ತೂಕದ್ದು. 2025ರ ಏಪ್ರಿಲ್ ಆರಂಭದಲ್ಲಿ ವರ್ತಕರು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಮೂರು ತಿಂಗಳ ದುಡಿಮೆಯಲ್ಲಿ ವರ್ಷ ದೂಡುವವರ ಸಿಟ್ಟು ನ್ಯಾಯವಾದದ್ದೇ. ಆದರೆ ಮಿತಿ ಇರುವುದು ವಾಹನಕ್ಕೆ, ಮನುಷ್ಯರಿಗಲ್ಲ. ಸರ್ಕಾರಿ ಬಸ್ಸಿಗೂ ಮೇಟ್ಟುಪಾಳ್ಯದಿಂದ ಹತ್ತುವ ರೈಲಿಗೂ ಪಾಸ್ ಬೇಡ. ಮೈಸೂರಿನಿಂದ ಬಸ್ಸಿನಲ್ಲಿ ಬಂದ ಐವತ್ತು ಮಂದಿ ಹತ್ತು ಹದಿನೈದು ಕಾರುಗಳ ಜಾಗ ಉಳಿಸುತ್ತಾರೆ, ಊಟ ತಿಂಡಿಗೆ ಅದೇ ಹೋಟೆಲ್ಲಿಗೆ ಹೋಗುತ್ತಾರೆ.

ನನಗೆ ನಿಜವಾದ ದೋಷವಾಗಿ ಕಾಣುವುದು ಬೇರೆ ಕಡೆ. ನಮೂನೆಯ ಮೂಲಮಾನ ಜಿಲ್ಲೆ. ಕೋವಿಡ್ ಕಾಲದ ಪಾಸ್ ಜಿಲ್ಲೆಯ ಗಡಿ ದಾಟುವುದಕ್ಕಾಗಿಯೇ ಹುಟ್ಟಿದ್ದು, ಹಾಗಾಗಿ ಆ ಮಾನ ಹಾಗೇ ಬಂತು. ಈ ಜಿಲ್ಲೆಯ ಗೆರೆಯಾದರೂ ಯಾರು ಎಳೆದದ್ದು? ಗೂಡಲೂರಿನ ಸೀಮೆ 1877ರವರೆಗೆ ಮಲಬಾರಿನ ವೈನಾಡಿನದು. ಬ್ರಿಟಿಷರು ಆಡಳಿತದ ಅನುಕೂಲಕ್ಕಾಗಿ ಅದನ್ನು ನೀಲಗಿರಿಗೆ ಸೇರಿಸಿದರು. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ, ಗೂಡಲೂರು ಸುಮಾರು 1,000 ಮೀಟರಿನಲ್ಲಿ. ಮಸಿನಗುಡಿಯೂ ಕೆಳಗಿನ ಕಾಡಿನ ಪ್ರಸ್ಥಭೂಮಿಯದೇ; ಅಲ್ಲಿಂದ ಊಟಿಗೆ ಹತ್ತಲು ಕಲ್ಹಟ್ಟಿ ಘಟ್ಟದ 36 ಹಿಮ್ಮುರಿ ತಿರುವುಗಳಿವೆ. ಮೂರೂ ಕಡೆಯ ಇಕ್ಕಟ್ಟು ಒಂದೇ ಅಲ್ಲ: ಊಟಿಯದು ನೀರು, ಕಸ, ವಾಹನ ನಿಲ್ಲಿಸುವ ಜಾಗ, ಮಸಿನಗುಡಿಯದು ಆನೆಯ ದಾರಿ, ಗೂಡಲೂರಿನದು ಮೂರು ರಾಜ್ಯಗಳ ನಿತ್ಯದ ವ್ಯವಹಾರ. ಸುಲ್ತಾನ್ ಬತ್ತೇರಿಯಿಂದಲೋ ಗುಂಡ್ಲುಪೇಟೆಯಿಂದಲೋ ಗೂಡಲೂರಿನ ನೆಂಟರ ಮನೆಗೆ ಬರುವವರು ಊಟಿಯ ಸರೋವರ ನೋಡಲು ಬರುವವರಲ್ಲ. ತಪಾಸಣೆಯನ್ನು ಊಟಿಗೆ ಹತ್ತುವ ದಾರಿಯ ಮೇಲ್ಗೂಡಲೂರಿನಲ್ಲಿ ನಿಲ್ಲಿಸಿದರೆ ಅವರು ಹೊರಗುಳಿಯುತ್ತಾರೆ, ಗಡಿಯಲ್ಲಿ ನಿಲ್ಲಿಸಿದರೆ ಒಳಗೆ ಬರುತ್ತಾರೆ. ಅಂದರೆ ಪ್ರೋಗ್ರಾಮು ಮಾಡಬೇಕಾದ ತೀರ್ಮಾನವನ್ನು ಬ್ಯಾರಿಕೇಡು ನಿಲ್ಲಿಸಿದ ಜಾಗ ಮಾಡುತ್ತದೆ.

ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿದರೆ ಸುಳ್ಳು ಹೇಳುವವರು ಹೆಚ್ಚುತ್ತಾರೆ, ಮಸಿನಗುಡಿ ಎಂದು ಬರೆದು ಊಟಿ ಹತ್ತುತ್ತಾರೆ ಎಂಬ ಮಾತು ಬರಬಹುದು. ಅದನ್ನು ತಡೆಯಲು ಭೂಗೋಳವೇ ನೆರವಾಗುತ್ತದೆ. ಮೈಸೂರಿನ ಕಡೆಯಿಂದ ಮೇಲಕ್ಕೆ ಹೋಗುವ ದಾರಿ ಎರಡೇ, ಕಲ್ಹಟ್ಟಿ ಘಟ್ಟ ಮತ್ತು ನಡುವಟ್ಟದ ಘಟ್ಟ; 2018ರ ಅಪಘಾತದ ನಂತರ ಹೊರಗಿನ ವಾಹನಗಳು ಕಲ್ಹಟ್ಟಿಯಲ್ಲಿ ಇಳಿಯದಂತೆ ಮಾಡಿದ ನಿರ್ಬಂಧವನ್ನು ಕಾಯಲು ಅಲ್ಲಿ ಕಾವಲು ಬೇಕೇ ಬೇಕು. ತಂತ್ರದ ಕಡೆಯಿಂದಲೂ ಅಡ್ಡಿಯಿಲ್ಲ. ನಡೆಯುತ್ತಿರುವ ಅಪ್ಲಿಕೇಶನ್ನಿಗೆ ಹೊಸ ಕಾಲಂ ಸೇರಿಸುವ ಕೆಲಸಕ್ಕೆ ಫ್ರೇಮ್‌ವರ್ಕ್‌ಗಳಲ್ಲಿ ಮೈಗ್ರೇಶನ್ ಎಂಬ ಸಿದ್ಧ ಸೌಲಭ್ಯವೇ ಇದೆ, ಹಳೆಯ ದಾಖಲೆ ಹಾಳಾಗುವುದಿಲ್ಲ. ಎಲ್ಲಿ ತಂಗುತ್ತೀರಿ ಎಂಬುದರ ಉತ್ತರ ಅರ್ಜಿಗಳಲ್ಲಿ 2024ರಿಂದ ಸೇರುತ್ತಲೇ ಬಂದಿದೆ. ಊಟಿಗೆ ಎಷ್ಟು, ಮಸಿನಗುಡಿಗೆ ಎಷ್ಟು, ಗೂಡಲೂರಿಗೆ ಎಷ್ಟು ಎಂದು ಅದನ್ನು ಬೇರೆಬೇರೆ ಎಣಿಸಿ ಕೋರ್ಟಿನ ಮುಂದಿಟ್ಟರೆ 6,000 ಎಂಬ ಒಂದು ಅಂಕಿ ಮೂರು ಅಂಕಿಗಳಾಗಬಹುದು.