ನಂಬುಗೆ ಮುರಿದ ರಾತ್ರಿ

ಫ್ರಾನ್ಸಿನ ಮಹಾಕ್ರಾಂತಿಯೆಂದೊಡನೆ ಬಹುಜನರ ಮನಸ್ಸಿನಲ್ಲಿ ಮೂಡುವುದು ಗಿಲೋಟಿನ್ ಯಂತ್ರದ ಚಿತ್ರ. ಆದರೆ 1789ರಲ್ಲಿ ಬೀದಿಗಿಳಿದ ಜನರು ಅರಸನ ತಲೆಯನ್ನು ಕೇಳಿರಲಿಲ್ಲವೆಂಬುದನ್ನು ಓದುಗ ಬಂಧುಗಳು ಮೊದಲಿಗೆ ಗಮನಿಸಬೇಕು. ಆ ವರ್ಷದ ಮೇ 5ರಂದು ವರ್ಸೇಲ್ಸಿನಲ್ಲಿ ಕೂಡಿದ ಮೂರು ವರ್ಗಗಳ ಮಹಾಸಭೆಗೆ ಊರೂರುಗಳಿಂದ ಬಂದ ಅಹವಾಲುಗಳಲ್ಲಿ ತೆರಿಗೆಯ ಭಾರವಿತ್ತು, ಜಮೀನುದಾರರ ಸುಂಕಗಳ ಸಂಕಟವಿತ್ತು. ಅರಸೊತ್ತಿಗೆಯನ್ನೇ ಕಿತ್ತೊಗೆಯಬೇಕೆಂಬುದು ಅವುಗಳ ಧ್ವನಿಯಾಗಿರಲಿಲ್ಲ. ಅಕ್ಟೋಬರಿನಲ್ಲಿ ರೊಟ್ಟಿಗಾಗಿ ವರ್ಸೇಲ್ಸಿನವರೆಗೆ ನಡೆದುಹೋದ ಪ್ಯಾರಿಸ್ಸಿನ ಹೆಂಗಸರು 16ನೆಯ ಲೂಯಿಯನ್ನು ತಮ್ಮ ನಗರಕ್ಕೇ ಕರೆತಂದಾಗ ಅವನನ್ನು ‘ರೊಟ್ಟಿ ಸುಡುವವ’ನೆಂದು ಕರೆದರು. ಅಂದು ಅರಮನೆಯ ಕಾವಲುಭಟರ ರಕ್ತ ಹರಿದದ್ದು ನಿಜ. ಆದರೂ ಅರಸನು ನಮ್ಮೊಡನಿದ್ದರೆ ಹಸಿವಿಲ್ಲವೆಂಬ ಮುಗ್ಧ ವಿಶ್ವಾಸವೊಂದು ಆ ಹೆಸರಿನಲ್ಲಿತ್ತು.

ಆ ವಿಶ್ವಾಸವು ಮುರಿದುಬಿದ್ದದ್ದು 1791ರ ಜೂನ್ 20ರ ರಾತ್ರಿ. ಲೂಯಿ ಸೇವಕನ ವೇಷ ಧರಿಸಿ, ಹೆಂಡತಿ ಮಕ್ಕಳೊಡನೆ ಪೂರ್ವದ ಗಡಿಯತ್ತ ಹೊರಟನು. ದಾರಿಯಲ್ಲಿ ಕುದುರೆಗಳನ್ನು ಬದಲಿಸುವ ಅಂಚೆಕಟ್ಟೆಯ ಅಧಿಕಾರಿ ದ್ರುವೇ ಎಂಬಾತ ಗುರುತು ಹಿಡಿದನು. ವಾರೆನ್ ಎಂಬ ಸಣ್ಣ ಊರಿನಲ್ಲಿ ರಥ ನಿಂತಿತು. ಓಡಿಹೋದದ್ದಕ್ಕಿಂತ ಹೆಚ್ಚು ಘಾಸಿ ಮಾಡಿದ್ದು ಅವನು ಹಿಂದೆ ಬಿಟ್ಟುಹೋದ ಸ್ವಹಸ್ತದ ಪತ್ರ. ಒತ್ತಡದಲ್ಲಿ ಒಪ್ಪಿದ್ದ ಶಾಸನಗಳನ್ನೆಲ್ಲ ಅದರಲ್ಲಿ ಅವನು ನಿರಾಕರಿಸಿದ್ದನು. ಎರಡು ವರ್ಷಗಳ ಕಾಲ ಜನರೆದುರು ಒಪ್ಪಿದಂತೆ ನಡೆದುಕೊಂಡವನ ಒಳಮನಸ್ಸು ಹೀಗೆ ಬಯಲಾಯಿತು.

ರಾಷ್ಟ್ರಸಭೆಯಾದರೂ ಸತ್ಯವನ್ನು ನುಡಿಯಿತೇ? ಅರಸನನ್ನು ಯಾರೋ ಅಪಹರಿಸಿದ್ದರೆಂಬ ಕಟ್ಟುಕಥೆಯನ್ನು ಅದು ಮುಂದಿಟ್ಟಿತು. ನನ್ನ ಮಟ್ಟಿಗೆ ಕ್ರಾಂತಿಯು ದಾರಿ ತಿರುಗಿದ್ದು ಈ ಸುಳ್ಳಿನಿಂದಲೇ. ಅರಸನ ಪದಚ್ಯುತಿಯನ್ನು ಕೋರಿ ಸಹಿ ಹಾಕಲು ಜುಲೈ 17ರಂದು ಶಾಂ ದ ಮಾರ್ಸ್ ಮೈದಾನದಲ್ಲಿ ನೆರೆದ ಜನರ ಮೇಲೆ ಲಾಫಾಯೆತ್‌ನ ನೇತೃತ್ವದ ರಾಷ್ಟ್ರೀಯ ರಕ್ಷಣಾದಳವೇ ಗುಂಡು ಹಾರಿಸಿತು. ಕ್ರಾಂತಿಯ ಮಕ್ಕಳ ಮೇಲೆ ಕ್ರಾಂತಿಯದೇ ಬಂದೂಕು!

ಮುಂದಿನದು ವೇಗವಾಗಿ ನಡೆಯಿತು. 1792ರ ಏಪ್ರಿಲಿನಲ್ಲಿ ಆಸ್ಟ್ರಿಯದೊಡನೆ ಯುದ್ಧ. ರಾಜಕುಟುಂಬಕ್ಕೆ ಅಪಾಯವಾದರೆ ಪ್ಯಾರಿಸ್ಸನ್ನೇ ನಾಶಮಾಡುವೆವೆಂಬ ಶತ್ರುಸೇನಾಪತಿ ಬ್ರುನ್ಸ್‌ವಿಕ್‌ನ ಬೆದರಿಕೆ. ಆಗಸ್ಟ್ 10ರಂದು ಅರಮನೆಯ ಮೇಲೆ ಜನರ ದಾಳಿ. ಸೆಪ್ಟೆಂಬರಿನಲ್ಲಿ ಸೆರೆಮನೆಗಳಿಗೆ ನುಗ್ಗಿದ ಗುಂಪುಗಳು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಕೊಂದವು. ಅದೇ ತಿಂಗಳ 21ರಂದು ಅರಸೊತ್ತಿಗೆ ರದ್ದಾಯಿತು.

ಈ ಪರಿವರ್ತನೆಯನ್ನು ಒಬ್ಬನ ಬಾಳಿನಲ್ಲಿಯೇ ಕಾಣಬಹುದು. ವಕೀಲ ರೋಬೆಸ್ಪಿಯರ್ 1791ರ ಮೇ ತಿಂಗಳಲ್ಲಿ ಮರಣದಂಡನೆಯನ್ನೇ ರದ್ದುಗೊಳಿಸಬೇಕೆಂದು ಸಭೆಯಲ್ಲಿ ವಾದಿಸಿದ್ದನು. 1792ರ ಡಿಸೆಂಬರಿನಲ್ಲಿ ಅದೇ ನಾಲಗೆ, ಲೂಯಿಗೆ ವಿಚಾರಣೆಯೇ ಬೇಡ, ಮರಣವೇ ಸಾಕು ಎಂದಿತು. 1793ರ ಜನವರಿ 21ರಂದು ಲೂಯಿಯ ಶಿರಚ್ಛೇದವಾಯಿತು. 1794ರ ಜೂನಿನಲ್ಲಿ ಅವನ ಬಣವು ತಂದ ಶಾಸನವು ಆರೋಪಿಗೆ ವಕೀಲನನ್ನೂ ನಿರಾಕರಿಸಿತು. ತೀರ್ಪು ಬಿಡುಗಡೆ, ಇಲ್ಲವೇ ಸಾವು. ಏಳು ವಾರಗಳೊಳಗೆ, ಜುಲೈ 28ರಂದು, ರೋಬೆಸ್ಪಿಯರ್‌ನನ್ನು ನ್ಯಾಯಮಂಡಳಿಯ ಮುಂದೆ ತಂದರು. ಸಭೆಯು ಅವನನ್ನು ಕಾನೂನಿನ ರಕ್ಷಣೆಯಿಂದ ಹೊರಗಿಟ್ಟಿತ್ತಾದ್ದರಿಂದ ವಿಚಾರಣೆ ನಡೆಯಲಿಲ್ಲ. ಅವನೇ ಹೌದೋ ಅಲ್ಲವೋ ಎಂದು ಗುರುತಿಸಿ, ಅಂದೇ ಸಂಜೆ ಗಿಲೋಟಿನ್‌ಗೆ ಕಳುಹಿಸಿದರು.