ಸ್ವಿಚ್ ಹಾಕಿದಾಗ ಮೊದಲು ಬರುವವರು ಯಾರು?

ಮಳೆಗಾಲದಲ್ಲಿ ಕೊಡಗಿನ ಹಳ್ಳಿಗಳಲ್ಲಿ ಕರೆಂಟು ಹೋಗುವುದು, ಬರುವುದು ಸುದ್ದಿಯೇ ಅಲ್ಲ. ಆದರೆ ಕರೆಂಟು ಬಂದು ಕಂಪ್ಯೂಟರ್ ಮತ್ತೆ ಶುರುವಾಗುವಾಗ ಅಲ್ಲೊಂದು ಸಣ್ಣ ತೀರ್ಮಾನ ನಡೆಯುತ್ತದೆ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು ಎರಡೂ ಇದ್ದರೆ ಪರದೆಯ ಮೇಲೆ ಎರಡರ ಹೆಸರೂ ಕಾಣುತ್ತದೆ. ಹತ್ತು, ಒಂಬತ್ತು, ಎಂಟು ಎಂದು ಸೆಕೆಂಡುಗಳು ಇಳಿಯುತ್ತವೆ. ಅಷ್ಟರೊಳಗೆ ಯಾರೂ ಕೀ ಒತ್ತದಿದ್ದರೆ, ಮೊದಲೇ ಗೊತ್ತುಮಾಡಿಟ್ಟದ್ದು ತಾನಾಗಿ ತೆರೆದುಕೊಳ್ಳುತ್ತದೆ. ಇದಕ್ಕೇ 'ಡೀಫಾಲ್ಟ್' ಎನ್ನುವುದು.

ಈ ಹತ್ತು ಸೆಕೆಂಡಿಗೆ ಮೂವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಇದಕ್ಕಾಗಿ ಕೋರ್ಟು ಕಚೇರಿಗಳು ನಡೆದಿವೆ. ನಮ್ಮ ಪಕ್ಕದ ಕಾಸರಗೋಡಿನ ಕನ್ನಡ ಮಕ್ಕಳು ಯಾವ ಕಂಪ್ಯೂಟರ್ ಕಲಿಯಬೇಕು ಎಂಬುದೂ ಇದರ ಜೊತೆಗೇ ತೀರ್ಮಾನವಾಗಿದೆ.

512 ಬೈಟಿನ ಜಾಗ

ಹಾರ್ಡ್‌ಡಿಸ್ಕನ್ನು ಆಸ್ತಿ ಪಾಲು ಮಾಡಿದ ಹಾಗೆ ಪಾಲು ಮಾಡಬಹುದು. ಒಂದು ಪಾಲಿನಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇಡಬಹುದು. 1983ರಲ್ಲಿ ಡಾಸ್ 2.0 ಬಂದಾಗಿನಿಂದ ಈ ಪಾಲಿನ ಲೆಕ್ಕ ಡಿಸ್ಕಿನ ಮೊಟ್ಟಮೊದಲ 512 ಬೈಟಿನಲ್ಲೇ ಇರುತ್ತಿತ್ತು. ಎಷ್ಟು ಚಿಕ್ಕ ಜಾಗ ಅಂದರೆ, ಯೂನಿಕೋಡ್ ಕನ್ನಡದ ಒಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಆ ಲೆಕ್ಕದಲ್ಲಿ ಅಲ್ಲಿ ಹಿಡಿಸುವುದು 170 ಚಿಹ್ನೆ ಮಾತ್ರ. ಅದರಲ್ಲೂ 64 ಬೈಟ್ ನಾಲ್ಕು ಪಾಲುಗಳ ಲೆಕ್ಕಕ್ಕೆ ಹೋಗುತ್ತದೆ. ಆ ನಾಲ್ಕರಲ್ಲಿ ಒಂದಕ್ಕೆ 'ಇದೇ ಚಾಲ್ತಿ' ಎಂದು ಗುರುತು ಹಾಕುತ್ತಿದ್ದರು. ಅದೇ ಹಳೆಯ ಕಾಲದ ಡೀಫಾಲ್ಟ್.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದರು. ಅದನ್ನು ಪ್ರಯತ್ನಿಸಿದ ಹೆಚ್ಚಿನವರ ಕಂಪ್ಯೂಟರಿನಲ್ಲಿ ಆಗಲೇ ಡಾಸ್ ಇತ್ತು. ಅದನ್ನು ಅಳಿಸದೆ ಎರಡನ್ನೂ ಇಟ್ಟುಕೊಳ್ಳಲು 'ಲಿಲೋ' ಎಂಬ ಪುಟ್ಟ ಪ್ರೋಗ್ರಾಂ ಬಂತು. 1995ರಲ್ಲಿ ಎರಿಕ್ ಬೋಲಿನ್ 'ಗ್ರಬ್' ಶುರುಮಾಡಿದರು. ಇಂದು ಉಬುಂಟು ಇರುವ ಕಂಪ್ಯೂಟರಿನಲ್ಲಿ ಸೆಕೆಂಡು ಎಣಿಸುವುದು ಇದೇ ಗ್ರಬ್‌ನ ಹೊಸ ರೂಪ.

ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿಯಲ್ಲೂ ಇಂಥ ಪಟ್ಟಿ ಇತ್ತು. ಅದು 30 ಸೆಕೆಂಡು ಕಾಯುತ್ತಿತ್ತು. ಆದರೆ ಆ ಪಟ್ಟಿಯಲ್ಲಿ ಲಿನಕ್ಸ್ ತಾನಾಗಿ ಸೇರುತ್ತಿರಲಿಲ್ಲ. ಲಿನಕ್ಸ್ ಇರುವ ಕಂಪ್ಯೂಟರಿಗೆ ಆಮೇಲೆ ವಿಂಡೋಸ್ ಹಾಕಿದರೆ, ಅದು ಆ ಮೊದಲ ಜಾಗದಲ್ಲಿ ತನ್ನದನ್ನೇ ಬರೆದುಕೊಳ್ಳುತ್ತಿತ್ತು. ಲಿನಕ್ಸ್ ಡಿಸ್ಕಿನಲ್ಲೇ ಇರುತ್ತಿತ್ತು, ಒಳಗೆ ಹೋಗಲು ಬಾಗಿಲು ಮಾತ್ರ ಇರುತ್ತಿರಲಿಲ್ಲ. 'ಮೊದಲು ವಿಂಡೋಸ್ ಹಾಕಿ, ಆಮೇಲೆ ಲಿನಕ್ಸ್ ಹಾಕಿ' ಎಂದು ಕಂಪ್ಯೂಟರ್ ರಿಪೇರಿ ಮಾಡುವವರು ಈಗಲೂ ಹೇಳುವುದು ಇದಕ್ಕೇ.

ಇದ್ದೂ ಕಾಣದ ಬಿಓಎಸ್

ಆಪಲ್ ಕಂಪನಿ ಬಿಟ್ಟು ಬಂದ ಜಾನ್ ಲೂಯಿ ಗಾಸೆ ಅವರು 'ಬಿ' ಎಂಬ ಕಂಪನಿ ಕಟ್ಟಿ 'ಬಿಓಎಸ್' ಎಂಬ ಆಪರೇಟಿಂಗ್ ಸಿಸ್ಟಂ ಮಾಡಿದ್ದರು. 1990ರ ದಶಕದ ಕೊನೆಗೆ ಜಪಾನಿನ ಹಿಟಾಚಿ ಕಂಪನಿ ವಿಂಡೋಸ್ ಮತ್ತು ಬಿಓಎಸ್ ಎರಡನ್ನೂ ಹಾಕಿದ ಕಂಪ್ಯೂಟರ್ ಮಾರಲು ಮುಂದಾಯಿತು. ಆದರೆ ಸ್ವಿಚ್ ಹಾಕಿದರೆ ವಿಂಡೋಸ್ ಮಾತ್ರ ಬರುತ್ತಿತ್ತು. ಆಯ್ಕೆಯ ಪಟ್ಟಿಯೇ ಇರಲಿಲ್ಲ. ಬಿಓಎಸ್ ತೆರೆಯಬೇಕಾದರೆ ಕೊಂಡವರೇ ಬೇರೆ ಕಸರತ್ತು ಮಾಡಬೇಕಿತ್ತು.

ಕಂಪ್ಯೂಟರ್ ತಯಾರಕರ ಜೊತೆ ಮೈಕ್ರೋಸಾಫ್ಟ್ ಮಾಡಿಕೊಂಡ ಒಪ್ಪಂದವೇ ಇದಕ್ಕೆ ಕಾರಣ ಎಂದು ಬಿ ಕಂಪನಿ ದೂರಿತು. 2001ರಲ್ಲಿ ಅದು ತನ್ನ ಆಸ್ತಿಯನ್ನು ಪಾಮ್ ಕಂಪನಿಗೆ ಮಾರಿತು, 2002ರಲ್ಲಿ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳದೆಯೇ 2.325 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ, ಅಮೆರಿಕ ಸರ್ಕಾರವೇ ಮೈಕ್ರೋಸಾಫ್ಟ್ ಮೇಲೆ ಹೂಡಿದ್ದ ದೊಡ್ಡ ಮೊಕದ್ದಮೆಯ ತೀರ್ಪು 2002ರಲ್ಲಿ ಬಂದಿತ್ತು. ವಿಂಡೋಸ್ ಶುರುವಾಗುವ ಮೊದಲೇ ಬೇರೆ ಆಪರೇಟಿಂಗ್ ಸಿಸ್ಟಂ ಆರಿಸಿಕೊಳ್ಳುವ ಅವಕಾಶವನ್ನು ತಯಾರಕರು ಗ್ರಾಹಕರಿಗೆ ಕೊಟ್ಟರೆ ತಡೆಯಬಾರದು ಎಂಬ ಷರತ್ತೂ ಅದರಲ್ಲಿತ್ತು. ಬಿ ಕಂಪನಿಯ ಪಾಲಿಗೆ ಅದು ತಡವಾಗಿ ಬಂದ ನ್ಯಾಯ.

ಕರಿಕೆಯ ಆಚೆ, ಈಚೆ

ಈಗ ನಮ್ಮೂರಿನ ಕಡೆಗೆ ಬರೋಣ. ಭಾಗಮಂಡಲದಿಂದ ಕರಿಕೆ ದಾಟಿದರೆ ಪಾಣತ್ತೂರು, ಅಲ್ಲಿಂದ ಕಾಸರಗೋಡು ಜಿಲ್ಲೆ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಅಂದು ಎಳೆದ ಗಡಿಯಿಂದಾಗಿ, ಐವತ್ತು ವರ್ಷದ ನಂತರ ಎರಡೂ ಕಡೆಯ ಕನ್ನಡ ಮಕ್ಕಳ ಕಂಪ್ಯೂಟರ್ ಪಾಠವೂ ಬೇರೆಬೇರೆಯಾಯಿತು.

ಕೇರಳ ಸರ್ಕಾರ 2001ರ ಸುಮಾರಿಗೆ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭಿಸಿತು. ಮೊದಲು ಪಾಠವೆಲ್ಲ ವಿಂಡೋಸ್ ಸುತ್ತಲೇ ಇತ್ತು. ಸರ್ಕಾರಿ ಶಾಲೆಯ ಪಾಠ ಒಂದೇ ಕಂಪನಿಯ ಸರಕಿಗೆ ಕಟ್ಟುಬೀಳಬಾರದು ಎಂದು ಅಲ್ಲಿನ ಶಿಕ್ಷಕರ ಸಂಘಟನೆ ಮತ್ತು ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಪಟ್ಟುಹಿಡಿದರು. ಕೆಲವು ವರ್ಷ ಎರಡೂ ನಡೆಯಿತು. 2008ರ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಪೂರ್ತಿಯಾಗಿ ಲಿನಕ್ಸ್‌ಗೆ ಬಂತು. ಪರೀಕ್ಷೆ ಬಂದ ಕಡೆಗೆ ಪಾಠವೂ ಬರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಕನ್ನಡದಲ್ಲೇ ಐಟಿ ಪಠ್ಯಪುಸ್ತಕ ಬಂತು. ಆ ಯೋಜನೆಯೇ 2017ರಲ್ಲಿ 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು. ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರಿಗೆ ಲೈಸೆನ್ಸ್ ಕೊಳ್ಳದೆ 3000 ಕೋಟಿ ರೂಪಾಯಿ ಉಳಿಯಿತು ಎಂದು ಕೈಟ್ 2019ರಲ್ಲಿ ಹೇಳಿಕೊಂಡಿತು.

ನಮ್ಮ ಕಡೆಯ ದಾರಿ ಬೇರೆ. ಕರ್ನಾಟಕದ ಸರ್ಕಾರಿ ಕಚೇರಿಗಳಿಗೆ ಕನ್ನಡ ಬಂದದ್ದು ಕನ್ನಡ ಗಣಕ ಪರಿಷತ್ತಿನ 'ನುಡಿ'ಯಿಂದ. ನುಡಿ ಪುಕ್ಕಟೆ ಸಿಗುತ್ತಿತ್ತು, ಆದರೆ ಓಡುತ್ತಿದ್ದುದು ವಿಂಡೋಸ್ ಮೇಲೆ. ಹಳೆಯ ನುಡಿ ಫಾಂಟಿನ ಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಗೀಚು ಕಾಣುತ್ತಿತ್ತು. ಹಾಗಾಗಿ ಕನ್ನಡ ಬೇಕು ಎಂದವರು ವಿಂಡೋಸ್ ಬಿಡುವ ಹಾಗಿರಲಿಲ್ಲ. ಕೊಡವ ತಕ್ಕನ್ನೂ ಅರೆಭಾಷೆಯನ್ನೂ ಕನ್ನಡ ಲಿಪಿಯಲ್ಲೇ ಬರೆಯುವ ಕೊಡಗಿನವರಿಗೂ ಇದೇ ಪಾಡು.

2011ರಿಂದ ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ 'ವಿಷಯ ಶಿಕ್ಷಕರ ವೇದಿಕೆ' ಹೆಸರಿನ ತರಬೇತಿ ನಡೆಯಿತು. ಶಿಕ್ಷಣ ಇಲಾಖೆಯ ಜೊತೆ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಕೈಜೋಡಿಸಿತ್ತು. ಅಲ್ಲಿ ಕಲಿಸಿದ್ದು ಉಬುಂಟು. ಅಂದರೆ ಪಾಠಕ್ಕೆ ಉಬುಂಟು, ಕಚೇರಿ ಪತ್ರಕ್ಕೆ ನುಡಿ. ಇರುವ ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಟ್ಟುಕೊಳ್ಳುವುದು ಸಹಜ ಪರಿಹಾರವಾಗಿತ್ತು. ಆಗ ಬರುವ ಪ್ರಶ್ನೆಯೇ ಮೊದಲು ಯಾವುದು ಎಂಬುದು. ಮಕ್ಕಳು ಮತ್ತೆಮತ್ತೆ ನೋಡುವುದು ತಾನಾಗಿ ತೆರೆದುಕೊಳ್ಳುವುದನ್ನೇ. ಇನ್ನೊಂದು ಇದ್ದರೂ ನೆನಪಿಗೆ ಬರುವುದು ಕಡಿಮೆ.

ಇಂದು ಯೂನಿಕೋಡ್ ಕನ್ನಡ ಎರಡರಲ್ಲೂ ಸರಿಯಾಗಿ ಕಾಣುತ್ತದೆ. ನುಡಿಯ ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನಲ್ಲಿ ಸಿಗುತ್ತದೆ. ಹಳೆಯ ಕಾರಣ ಹೋಗಿದೆ, ಹಳೆಯ ಡೀಫಾಲ್ಟ್ ಮಾತ್ರ ಎಷ್ಟೋ ಕಡೆ ಹಾಗೇ ಉಳಿದಿದೆ.

ಬದಲಿಸುವುದು ಕಷ್ಟವೇ?

ಇಲ್ಲ. ಉಬುಂಟುವಿನಲ್ಲಿ ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ 'ಡೀಫಾಲ್ಟ್' ಎಂಬ ಒಂದು ಸಾಲಿದೆ. ಅಲ್ಲಿ ಸೊನ್ನೆ ಎಂದಿದ್ದರೆ ಪಟ್ಟಿಯ ಮೊದಲನೆಯದು ಎಂದರ್ಥ. ಗ್ರಬ್ ಒಂದರಿಂದಲ್ಲ, ಸೊನ್ನೆಯಿಂದ ಎಣಿಸುತ್ತದೆ. ಸಂಖ್ಯೆ ಬದಲಿಸಿ, ಗ್ರಬ್ ಅಪ್‌ಡೇಟ್ ಮಾಡುವ ಆಜ್ಞೆ ಕೊಟ್ಟರೆ ಮುಗಿಯಿತು. ಹಿಂದೆ ಉಬುಂಟು ಅಪ್‌ಡೇಟ್ ಆದಾಗ ಪಟ್ಟಿ ಉದ್ದವಾಗಿ, ಕೊಟ್ಟ ಸಂಖ್ಯೆ ಬೇರೆಯದಕ್ಕೆ ತಾಗುತ್ತಿತ್ತು. ಆದ್ದರಿಂದ ಸಂಖ್ಯೆಯ ಬದಲು, ಹಿಂದಿನ ಸಲ ಆರಿಸಿದ್ದನ್ನೇ ತೆರೆ ಎಂದು ಹೇಳುವ ಅವಕಾಶವೂ ಇದೆ. ವಿಂಡೋಸ್‌ನ ಪಟ್ಟಿಯಲ್ಲೇ ಎರಡು ಹೆಸರು ಕಾಣುತ್ತಿದ್ದರೆ, ಅದರ ಸಿಸ್ಟಂ ಸೆಟ್ಟಿಂಗ್‌ನಲ್ಲಿ 'ಸ್ಟಾರ್ಟಪ್ ಅಂಡ್ ರಿಕವರಿ' ಎಂಬಲ್ಲಿ ಬದಲಿಸಬಹುದು. ಹೊಸ ಕಂಪ್ಯೂಟರುಗಳಲ್ಲಿ ಆ 512 ಬೈಟಿನ ಕೆಲಸವನ್ನು 'ಯುಇಎಫ್ಐ' ವಹಿಸಿಕೊಂಡಿದೆ. ಅಲ್ಲೂ ಮೊದಲು ಯಾರು ಎಂಬ ಪಟ್ಟಿ ಇದ್ದೇ ಇದೆ.

ನಿಮ್ಮ ಕೈಯಲ್ಲಿರುವ ಫೋನು

ಕಂಪ್ಯೂಟರೇ ಮುಟ್ಟಿಲ್ಲ, ನಮಗೇಕೆ ಇದು ಎನ್ನುತ್ತೀರಾ? ನೀವು ಇದನ್ನು ಓದುತ್ತಿರುವ ಫೋನಿನಲ್ಲೂ ಅದೇ ಜಗಳವಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಸೇವೆಗಳನ್ನೇ ಮುಂದಿಡಲು ಗೂಗಲ್ ತನ್ನ ಬಲವನ್ನು ದುರುಪಯೋಗ ಮಾಡಿದೆ ಎಂದು ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1337.76 ಕೋಟಿ ರೂಪಾಯಿ ದಂಡ ಹಾಕಿತು. ಹೊಸ ಫೋನು ಸೆಟ್ ಮಾಡುವಾಗ ಯಾವ ಸರ್ಚ್ ಎಂಜಿನ್ ಬೇಕೆಂದು ಭಾರತದ ಗ್ರಾಹಕರೇ ಆರಿಸುವ ಅವಕಾಶ ಕೊಡುವುದಾಗಿ 2023ರ ಜನವರಿಯಲ್ಲಿ ಗೂಗಲ್ ಹೇಳಿತು.

ನಾವು ಇದರಲ್ಲಿ ಇದೇ ಒಳ್ಳೆಯದು, ಅದು ಕೆಟ್ಟದ್ದು ಎಂದು ತೀರ್ಪು ಕೊಡುತ್ತಿಲ್ಲ. ನುಡಿಯಲ್ಲಿ ಕೆಲಸ ಮಾಡುವ ಗುಮಾಸ್ತರಿಗೆ ವಿಂಡೋಸ್ ಮೊದಲು ಬರುವುದೇ ಅನುಕೂಲ ಇರಬಹುದು, ಗಣಿತ ಮೇಷ್ಟ್ರಿಗೆ ಉಬುಂಟು. ಆದರೆ ಆ ತೀರ್ಮಾನ ಬಳಸುವವರದ್ದಾಗಿರಬೇಕು. ಮುಂದಿನ ಸಲ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋದಾಗ ಎರಡು ಪ್ರಶ್ನೆ ಕೇಳಿ: ನಮ್ಮ ಕಂಪ್ಯೂಟರಿನಲ್ಲಿ ಮೊದಲು ಬರುವುದು ಯಾವುದು? ಹಾಗೆಂದು ಗೊತ್ತುಮಾಡಿದವರು ಯಾರು? ಎರಡನೆಯದಕ್ಕೆ ಉತ್ತರ ಸಿಗದಿದ್ದರೆ, ಹೊರಗಿನವರು ಯಾರೋ ಗೊತ್ತುಮಾಡಿಟ್ಟದ್ದು ಅಲ್ಲಿ ಇನ್ನೂ ನಡೆಯುತ್ತಿದೆ ಎಂದೇ ತಿಳಿಯಿರಿ.